ಗ್ರಾಮಾಭ್ಯುದಯವು ಯಾರ ಕಾಯಕ?



ಊರಿನ ರಸ್ತೆ ಕೆಟ್ಟರೆ ಸರಕಾರ ಮಾಡಲಿಲ್ಲ ಎನ್ನುತ್ತೇವೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಪಂಚಾಯಿತಿಯವರು ಕೊಡಲಿಲ್ಲ ಎನ್ನುತ್ತೇವೆ. ಶಾಲೆಯ ಗೋಡೆ ಬಿರಿದರೆ ಕೇಳುವವರಿಲ್ಲ ಎನ್ನುತ್ತೇವೆ. ಮಾಡಬೇಕಾದವರು, ಕೊಡಬೇಕಾದವರು, ಕೇಳಬೇಕಾದವರು ಬೇರೆ ಯಾರೋ ಇದ್ದಾರೆ, ನಾವು ಪಡೆಯತಕ್ಕವರು ಮಾತ್ರ ಎಂಬ ಭಾವನೆಯೇ ಈ ಮೂರು ಮಾತುಗಳ ಬೇರು. ಗ್ರಾಮಾಭಿವೃದ್ಧಿಯಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರವೇನೆಂಬುದನ್ನು ಸಾಮಾನ್ಯವಾಗಿ ಆಡಳಿತಶಾಸ್ತ್ರದ ಪ್ರಶ್ನೆಯೆಂದು ಎಣಿಸುವುದುಂಟು. ಎಷ್ಟು ಅನುದಾನ, ಎಷ್ಟು ಅಧಿಕಾರ, ಎಷ್ಟು ಸದಸ್ಯರು ಎಂದು ಲೆಕ್ಕ ಹಾಕುವುದುಂಟು. ಆ ಲೆಕ್ಕವೂ ಬೇಕು. ಆದರೆ ಅದರ ತಳದಲ್ಲಿ ನೀತಿಯ ಪ್ರಶ್ನೆಯೊಂದು ಅಡಗಿದೆ. ಅಭ್ಯುದಯವೆಂಬುದು ಒಬ್ಬರು ಇನ್ನೊಬ್ಬರಿಗೆ ಕೊಡುವ ದಾನವೋ, ಎಲ್ಲರೂ ಕೂಡಿ ಮಾಡತಕ್ಕ ಕಾಯಕವೋ? ದಾನವಾದರೆ ಊರು ಕೈಯೊಡ್ಡಿ ನಿಲ್ಲಬೇಕಾಗುತ್ತದೆ. ಕಾಯಕವಾದರೆ ಊರು ತಾನೇ ಕೈಹಚ್ಚಬೇಕಾಗುತ್ತದೆ. ಈ ಪ್ರಶ್ನೆಯನ್ನು ನಮ್ಮ ಕಮಲಾಪುರ ಸೀಮೆಯನ್ನೇ ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಕಮಲಾಪುರವನ್ನು ಹಾಯ್ದುಹೋಗುವವರು ಅಲ್ಲಿಯ ಕೆರೆಯನ್ನು ಕಂಡೇ ಇರುತ್ತಾರೆ. ವಿಜಯನಗರದ ಅರಸರ ಕಾಲದ ಕೆರೆ ಅದು. ತುಂಗಭದ್ರೆಯ ನೀರು ರಾಯ ಕಾಲುವೆಯ ಮೂಲಕ ಅದಕ್ಕೆ ಬರುತ್ತದೆ. ಅಂದು ರಾಜಧಾನಿಗೆ ನೀರುಣಿಸಿದ ಕೆರೆ ಇಂದಿಗೂ ಗದ್ದೆ ತೋಟಗಳನ್ನು ಹಸಿರಾಗಿ ಇರಿಸಿದೆ. ಸಾಮ್ರಾಜ್ಯ ಅಳಿಯಿತು, ಅರಮನೆ ಹಾಳಾಯಿತು, ಕೆರೆ ಉಳಿಯಿತು. ಕಟ್ಟಿಸಿದವರು ಅರಸರೆಂಬುದು ಅದಕ್ಕೆ ಕಾರಣವಲ್ಲ, ಏಕೆಂದರೆ ಅರಮನೆಯನ್ನು ಕಟ್ಟಿಸಿದವರೂ ಅವರೇ. ನೀರುಂಡ ಜನ ಏರಿಯನ್ನು, ತೂಬನ್ನು, ಕಾಲುವೆಯನ್ನು ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡು ಬಂದುದೇ ಅದಕ್ಕೆ ಕಾರಣ.

ಹಿಂದಿನವರು ಇದನ್ನು ಕೇವಲ ಸದ್ಭಾವನೆಗೆ ಬಿಟ್ಟಿರಲಿಲ್ಲ, ಏರ್ಪಾಡು ಮಾಡಿದ್ದರು ಎಂಬುದು ಗಮನಾರ್ಹ. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟವೆಂದೂ, ಕೆರೆ ಕಟ್ಟಿಸಿದವರಿಗೆ ಕೊಟ್ಟ ಭೂಮಿಗೆ ಕಟ್ಟುಗೊಡಗಿಯೆಂದೂ ನಮ್ಮ ನಾಡಿನ ಶಾಸನಗಳು ಹೆಸರಿಡುತ್ತವೆ. ಊರಿನ ಆಯಗಾರರಲ್ಲಿ ನೀರಗಂಟಿಯೂ ಒಬ್ಬನಾಗಿದ್ದನು. ಯಾವ ಗದ್ದೆಗೆ ಯಾವಾಗ ಎಷ್ಟು ನೀರೆಂದು ತೂಬು ತೆರೆಯುವುದೂ ಮುಚ್ಚುವುದೂ ಅವನ ಕೆಲಸ. ಆಂಗ್ಲರ ಆಳ್ವಿಕೆಯಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದಾಗಲೂ ಕಾಲುವೆ ಕೆರೆಗಳ ಸಣ್ಣಪುಟ್ಟ ದುರಸ್ತಿಯನ್ನು ರೈತರೇ ಮೈದುಡಿಮೆಯಿಂದ ಮಾಡುವ ಕುಡಿಮರಾಮತ್ತು ಎಂಬ ಪದ್ಧತಿ ಆ ಪ್ರಾಂತದಲ್ಲಿ ಇದ್ದಿತು. ಅದು ಕ್ಷೀಣಿಸುತ್ತ ಬಂದುದರಿಂದ 1858ರಲ್ಲಿ ಕಡ್ಡಾಯ ದುಡಿಮೆಯ ಕಾಯ್ದೆಯನ್ನೇ ಮಾಡಬೇಕಾಯಿತು. ಇಲ್ಲಿ ನಾವು ಕಲಿಯಬೇಕಾದುದಿದೆ. ನೀರಿನ ಯಜಮಾನಿಕೆ ಸರಕಾರದ್ದಾಗಿ, ಕಂದಾಯದ ಹಕ್ಕು ಸರಕಾರದ್ದಾಗಿ, ದುಡಿಮೆ ಮಾತ್ರ ಊರಿನದಾಗಿ ಉಳಿದರೆ ಆ ದುಡಿಮೆ ಕಾಯಕವಾಗಿ ಉಳಿಯದು, ಬಿಟ್ಟಿಯಾಗುತ್ತದೆ. ನಿರ್ಧಾರದಲ್ಲಿ ಪಾಲಿಲ್ಲದವನಿಗೆ ಹೊಣೆಯಲ್ಲಿ ಪಾಲು ಹೊರಿಸುವುದು ಯಾವ ಕಾಯ್ದೆಯಿಂದಲೂ ಆಗದ ಮಾತು.

ಇಂದು ಇದಕ್ಕೆ ವಿರುದ್ಧವಾದ ವಿಪರ್ಯಾಸವನ್ನು ಕಾಣುತ್ತೇವೆ. ನಮ್ಮ ನಾಡಿನ ಎಷ್ಟೋ ಕೆರೆಗಳಲ್ಲಿ ನೀರಿಗೆ ಒಂದು ಇಲಾಖೆ, ಮೀನಿಗೆ ಇನ್ನೊಂದು ಇಲಾಖೆ, ಅಂಗಳದ ಗಡಿಗೆ ಮತ್ತೊಂದು ಕಚೇರಿ, ಕೆರೆಗೆ ಸೇರುವ ಊರ ಕೊಳಚೆಗೆ ಸ್ಥಳೀಯ ಸಂಸ್ಥೆ ಎಂದು ಹಂಚಿಹೋಗಿದೆ. ಎಲ್ಲರಿಗೂ ಸೇರಿದ ಕೆರೆ ಯಾರಿಗೂ ಸೇರದಂತಾಗಿದೆ. ಜೊಂಡು ಬೆಳೆದರೆ ಅರ್ಜಿ, ತೂಬು ಸೋರಿದರೆ ಅರ್ಜಿ, ಹೂಳು ತುಂಬಿದರೆ ಅರ್ಜಿ. ಅರ್ಜಿ ಬರೆಯುವ ಕೈಗೆ ಸಲಿಕೆ ಹಿಡಿಯುವುದು ಮರೆತುಹೋಗುತ್ತಿದೆ.

ಹೀಗೆಂದ ಮಾತ್ರಕ್ಕೆ ಹಳೆಯ ಊರೆಲ್ಲ ಸ್ವರ್ಗವಾಗಿತ್ತು, ಅದನ್ನೇ ಮರಳಿ ತರೋಣ ಎಂದು ನಾವು ಹೇಳುವುದಿಲ್ಲ. ಹಳೆಯ ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ದೂರದಲ್ಲಿ ನಿಂತವರು ಯಾರು ಎಂಬುದನ್ನು ಮರೆಯಲಾಗದು. ಕೆರೆಯ ಮಣ್ಣು ಹೊತ್ತವರಿಗೇ ಕೆರೆಯ ನೀರು ಮುಟ್ಟುವ ಅಧಿಕಾರವಿಲ್ಲದ ಊರುಗಳಿದ್ದವು. ಸ್ತ್ರೀಯರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಗ್ರಾಮವನ್ನು ಹೊಗಳುವವರನ್ನು ಕಟುವಾಗಿಯೇ ಪ್ರಶ್ನಿಸಿದರು. ಗ್ರಾಮವು ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮುವಾದದ ನೆಲೆಯಾಗಿದೆ ಎಂಬುದು ಅವರ ಅಭಿಪ್ರಾಯ. ಗಾಂಧೀಜಿಯವರ ಗ್ರಾಮಸ್ವರಾಜ್ಯದ ಆದರ್ಶ ಅದೇ ಸಭೆಯಲ್ಲಿ ಇನ್ನೊಂದು ಕಡೆ ಇದ್ದಿತು. ಕೊನೆಗೆ ಗ್ರಾಮ ಪಂಚಾಯಿತಿಗಳನ್ನು ಸ್ವಯಮಾಡಳಿತದ ಘಟಕಗಳಾಗಿ ಸಂಘಟಿಸಬೇಕೆಂಬ 40ನೆಯ ಅನುಚ್ಛೇದ ನಿರ್ದೇಶಕ ತತ್ತ್ವಗಳಲ್ಲಿ ಸೇರಿತು. ಈ ಇಬ್ಬರ ಮಾತೂ ನಮಗೆ ಬೇಕು. ಊರಿಗೆ ಅಧಿಕಾರ ಬೇಕೆಂಬುದು ಒಂದು, ಆ ಊರಿನಲ್ಲಿ ಕಟ್ಟಕಡೆಯವನಿಗೂ ಆಸನವಿರಬೇಕೆಂಬುದು ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಇವೆರಡೂ ಒಂದಾಗಬಲ್ಲವೇ ಎಂದು ಸಂದೇಹಪಡುವವರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನಪಿಸಬೇಕಾಗುತ್ತದೆ. ಅನುಭವ ಮಂಟಪದಲ್ಲಿ ದೋಣಿ ನಡೆಸುವ ಚೌಡಯ್ಯನವರೂ, ಮಂತ್ರಿಪದವಿಯ ಬಸವಣ್ಣನವರೂ, ಅಕ್ಕಮಹಾದೇವಿಯವರೂ ಒಂದೇ ಸಭೆಯ ಸದಸ್ಯರು. ಅಲ್ಲಿ ಕುಲವನ್ನು ಕೇಳಲಿಲ್ಲ, ಕಾಯಕವನ್ನು ಕೇಳಿದರು. ಅದು ಆಡಳಿತದ ಸಭೆಯಾಗಿರಲಿಲ್ಲ, ಅನುಭಾವದ ಗೋಷ್ಠಿಯಾಗಿತ್ತು ಎಂಬುದು ನಿಜ. ಆದರೆ ದುಡಿಯುವವರೆಲ್ಲರೂ ಸರಿಸಮನಾಗಿ ಕುಳಿತು ಮಾತನಾಡುವುದು ಸಾಧ್ಯ ಎಂಬುದನ್ನು ಈ ನೆಲ ಅಂದೇ ಕಂಡಿದೆ. ಅದನ್ನು ಹಬ್ಬದ ದಿನ ಕೊಂಡಾಡಿ ಉಳಿದ ದಿನ ಮರೆಯುವುದು ನಮ್ಮ ಕೊರತೆ.

ಇನ್ನು ಕಾಯ್ದೆಯ ಮಾತು. 1882ರಲ್ಲಿ ರಿಪ್ಪನ್ ಪ್ರಭುವಿನ ನಿರ್ಣಯವಾಯಿತು. ಅದರ ಬೆನ್ನಿಗೆ 1884ರಲ್ಲಿ ಮದ್ರಾಸು ಪ್ರಾಂತದ ಸ್ಥಳೀಯ ಮಂಡಳಿಗಳ ಕಾಯ್ದೆ ಬಂದಿತು. 1953ರ ಅಕ್ಟೋಬರ್ 1ರಂದು ಹೊಸಪೇಟೆ ಸೇರಿದಂತೆ ಬಳ್ಳಾರಿಯ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1959ರ ಕಾಯ್ದೆಯು ವಿಶಾಲ ಮೈಸೂರಿಗೆಲ್ಲ ಒಂದೇ ವ್ಯವಸ್ಥೆಯನ್ನು ತಂದಿತಾದರೂ ಅಧಿಕಾರದ ಬಹುಪಾಲು ಅಧಿಕಾರಿಗಳ ಕೈಯಲ್ಲೇ ಉಳಿಯಿತು. ನಿಜವಾದ ತಿರುವು 1983ರ ಕಾಯ್ದೆಯದು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡು, 1987ರ ಜನವರಿಯ ಚುನಾವಣೆಯೊಂದಿಗೆ ಅದು ಜೀವ ತಳೆಯಿತು. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟುದು ದೇಶಕ್ಕೇ ಮೇಲ್ಪಂಕ್ತಿ. ಬರಗಾಲದ ದಿನಗಳಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಹಾಕಿಸಿದ ಕಾರಣ ಜನ ಆ ಸಚಿವರನ್ನು 'ನೀರು ಸಾಬ'ರೆಂದು ಕರೆದರು. ನೀರು ಕೊಟ್ಟುದು ಅವರ ದೊಡ್ಡ ಕೆಲಸವೇ. ಆದರೆ ನೀರು ಕೊಟ್ಟವರಾಗಿ ಉಳಿಯುವುದಕ್ಕಿಂತ, ನೀರಿನ ಬಗೆಗೆ ನಿರ್ಧರಿಸುವ ಅಧಿಕಾರವನ್ನೇ ಊರಿಗೆ ಕೊಡಹೊರಟುದು ಅದಕ್ಕಿಂತ ದೊಡ್ಡ ಕೆಲಸವೆಂದು ನಾವು ಭಾವಿಸುತ್ತೇವೆ.

1992ರ ಸಂವಿಧಾನ ತಿದ್ದುಪಡಿಯು ಈ ವ್ಯವಸ್ಥೆಗೆ ರಾಷ್ಟ್ರಮಟ್ಟದ ಆಧಾರ ಒದಗಿಸಿತು. ಹನ್ನೊಂದನೆಯ ಅನುಸೂಚಿಯಲ್ಲಿ ಬೇಸಾಯ, ಸಣ್ಣ ನೀರಾವರಿ, ಕುಡಿಯುವ ನೀರು, ರಸ್ತೆ, ಪ್ರಾಥಮಿಕ ಶಿಕ್ಷಣ ಮೊದಲಾದ 29 ವಿಷಯಗಳನ್ನು ಪಂಚಾಯಿತಿಗಳಿಗೆ ವಹಿಸಬಹುದೆಂದು ಸೂಚಿಸಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನರಿಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. 2010ರಲ್ಲಿ ಸ್ತ್ರೀಯರ ಮೀಸಲು ಅರ್ಧಕ್ಕೆ ಏರಿತು. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೂ ಎರಡು ಸಂಗತಿಗಳು ನಮ್ಮನ್ನು ಎಚ್ಚರಿಸಬೇಕು. 1987ರಲ್ಲಿ ಆಯ್ಕೆಯಾದ ಸಂಸ್ಥೆಗಳ ಐದು ವರ್ಷದ ಅವಧಿ ಮುಗಿದಾಗ ಮರುಚುನಾವಣೆ ಕೂಡಲೇ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಅದು ಹಳೆಯ ಕಥೆಯೆನ್ನೋಣವೆಂದರೆ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಅದೇ ಆಯಿತು. ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಇದರಲ್ಲಿ ಆಳುವವರ ತಪ್ಪು ಇದ್ದೇ ಇದೆ. ಆದರೆ ನಮ್ಮ ಮನಸ್ಸನ್ನು ಹೆಚ್ಚು ನೋಯಿಸುವುದು ಬೇರೊಂದು. ಆ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಎಷ್ಟು ಜನ ಇದನ್ನು ತಮ್ಮ ನಷ್ಟವೆಂದು ಭಾವಿಸಿದರು? ಮನೆಯ ಬಾಗಿಲು ಕಳುವಾದರೂ ಮನೆಯವರಿಗೆ ತಿಳಿಯದಿದ್ದರೆ ಅವರು ಆ ಮನೆಯಲ್ಲಿ ಎಚ್ಚರವಾಗಿ ವಾಸಿಸುತ್ತಿಲ್ಲವೆಂದೇ ಅರ್ಥ.

ನಮ್ಮ ಸೀಮೆಯದೇ ಒಂದು ವಿಶೇಷ ತೊಡಕೂ ಇದೆ. ಕಮಲಾಪುರದಲ್ಲಿರುವುದು ಪಟ್ಟಣ ಪಂಚಾಯಿತಿ. ಊರಿನ ಜೀವನವೋ ಬಹುಮಟ್ಟಿಗೆ ಗದ್ದೆ, ಬಾಳೆ, ಕಬ್ಬುಗಳ ಜೀವನ. ನೆರೆಯ ಗ್ರಾಮ ಪಂಚಾಯಿತಿಯ ಮತದಾರನಿಗೆ ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹಕ್ಕನ್ನು ಸಂವಿಧಾನವೂ ಕಾಯ್ದೆಯೂ ಕೊಟ್ಟಿವೆ. ಪಟ್ಟಣವೆಂಬ ಹೆಸರು ಬಂದೊಡನೆ ಗ್ರಾಮಸಭೆ ಇಲ್ಲವಾಗುತ್ತದೆ. ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಹೀಗಾಗಿ ಹಳ್ಳಿಯೂ ಅಲ್ಲದ ನಗರವೂ ಅಲ್ಲದ ಊರಿನ ಸಾಮಾನ್ಯನಿಗೆ ಐದು ವರ್ಷಕ್ಕೊಮ್ಮೆ ಮತ ಹಾಕುವುದನ್ನು ಬಿಟ್ಟರೆ ಕೂಡಿ ಕೂರುವ ಸ್ಥಳವಿಲ್ಲ. ಹೆಸರು ದೊಡ್ಡದಾಯಿತು, ಧ್ವನಿ ಸಣ್ಣದಾಯಿತು.

ಇದರ ಜೊತೆಗೆ ಹಂಪಿಯ ಪರಂಪರೆಯ ರಕ್ಷಣೆಯ ಹೊಣೆ. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿಯೂ ಇದ್ದಿತು. 2002ರ ಕಾಯ್ದೆಯಂತೆ ಪ್ರತ್ಯೇಕ ಪ್ರಾಧಿಕಾರ ರಚನೆಯಾಯಿತು. ಸ್ಮಾರಕಗಳು ಲೋಕದ ಸೊತ್ತು, ಅವುಗಳನ್ನು ಕಾಯುವುದು ಧರ್ಮವೇ ಸರಿ. ಆದರೆ 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಿ, ಅನಂತರ ಕಡ್ಡಿರಾಂಪುರದ ಕಡೆ ನೆಲೆ ಒದಗಿಸಿದ ಪ್ರಸಂಗವನ್ನು ನೆನೆಯಿರಿ. ಕಲ್ಲಿನ ಪರವಾಗಿ ಮಾತನಾಡಲು ಕಾಯ್ದೆಯಿತ್ತು, ತಜ್ಞರಿದ್ದರು. ಅಲ್ಲಿ ಬಾಳಿದವರ ಪರವಾಗಿ ಮೊದಲೇ ಮಾತನಾಡಿ, ಎಲ್ಲಿಗೆ, ಯಾವಾಗ, ಹೇಗೆ ಎಂಬುದನ್ನು ಇತ್ಯರ್ಥಪಡಿಸಬಲ್ಲ ಬಲವಾದ ಸ್ಥಳೀಯ ಸಂಸ್ಥೆ ಇರಬೇಕಾಗಿತ್ತು. ಪರಂಪರೆಯ ರಕ್ಷಣೆಗೂ ಜನರ ಬಾಳಿಗೂ ವಿರೋಧವಿರಲೇಬೇಕೆಂಬ ನಿಯಮವಿಲ್ಲ. ಎರಡೂ ಒಂದೇ ಸಭೆಯಲ್ಲಿ ಎದುರುಬದುರು ಕುಳಿತು ಮಾತನಾಡದಿದ್ದಾಗ ವಿರೋಧ ಹುಟ್ಟುತ್ತದೆ.

ಈಗ ನೀತಿಯ ದೃಷ್ಟಿಯಿಂದ ಅತ್ಯಂತ ಕಠಿಣವಾದ ಪ್ರಶ್ನೆಗೆ ಬರೋಣ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ನಡೆದಾಗ, ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ನಮ್ಮ ಬಳ್ಳಾರಿ ಸೀಮೆಯ ಹೆಸರೂ ಅದರಲ್ಲಿತ್ತು. ಹೆಚ್ಚು ಹಣ ಕೂಗಿದವನು ಅವಿರೋಧವಾಗಿ ಆಯ್ಕೆಯಾಗಬೇಕು, ಆ ಹಣ ಊರಿನ ದೇವಸ್ಥಾನಕ್ಕೆ ಸಲ್ಲಬೇಕು ಎಂಬುದು ಇಂತಹ ಕಡೆಗಳ ಒಪ್ಪಂದ. ಇದು ಅಪರಾಧವೆಂದು ಚುನಾವಣಾ ಆಯೋಗ ಎಚ್ಚರಿಸಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಊರಿನ ಹಿರಿಯರು ಹೇಳುವ ಸಮರ್ಥನೆಯನ್ನು ನಾವು ಆಲಿಸಲೇಬೇಕು, ಏಕೆಂದರೆ ಅದನ್ನು ಹೇಳುವವರೆಲ್ಲ ದುಷ್ಟರಲ್ಲ.

ಚುನಾವಣೆಯಿಂದ ಊರು ಎರಡಾಗುತ್ತದೆ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಆ ವೈಷಮ್ಯ ಮುಂದಿನ ಚುನಾವಣೆಯವರೆಗೂ ಹೊಗೆಯಾಡುತ್ತದೆ ಎನ್ನುತ್ತಾರೆ. ಅದು ಸುಳ್ಳಲ್ಲ. ಹೇಗೂ ಹೆಂಡಕ್ಕೆ, ಸೀರೆಗೆ, ನೋಟಿಗೆ ಹೋಗುವ ಹಣ ದೇವರ ಗುಡಿಗಾದರೂ ಹೋಗಲಿ ಎನ್ನುತ್ತಾರೆ. ಅದೂ ತಳ್ಳಿಹಾಕುವ ಮಾತಲ್ಲ. ಹಾಗಾದರೆ ದೋಷವೆಲ್ಲಿದೆ?

ಮಾರಲ್ಪಟ್ಟ ವಸ್ತು ಮಾರಿದವರದಲ್ಲ ಎಂಬುದೇ ಮೊದಲನೆಯ ದೋಷ. ಮತವು ಒಬ್ಬೊಬ್ಬರ ಸೊತ್ತು. ಹರಾಜಿನ ಕಟ್ಟೆಯ ಮೇಲೆ ಕುಳಿತ ಹತ್ತಾರು ಗಂಡಸರು, ಅಂದು ಕೂಲಿಗೆ ಹೋದವನ ಮತವನ್ನೂ, ಒಲೆಯ ಮುಂದೆ ಇದ್ದವಳ ಮತವನ್ನೂ, ಕೇರಿಯ ಕೊನೆಯ ಮನೆಯವನ ಮತವನ್ನೂ ಸೇರಿಸಿ ಮಾರುತ್ತಾರೆ. ಅನ್ಯರ ವಸ್ತುವನ್ನು ಕೇಳದೆ ಮಾರಿ ಬಂದ ಹಣ ಎಷ್ಟು ಪವಿತ್ರ ಕಾರ್ಯಕ್ಕೆ ಸಂದರೂ ಅದರ ಮೂಲ ಬದಲಾಗದು. ಎರಡನೆಯದಾಗಿ, ಲಕ್ಷಾಂತರ ಹಣ ಕೊಟ್ಟು ಸ್ಥಾನ ಕೊಂಡವನು ಅದನ್ನು ಎಲ್ಲಿಂದ ಮರಳಿ ಪಡೆಯಬೇಕು? ಊರಿನ ಚರಂಡಿಯಿಂದ, ಬಡವನ ಮನೆಯ ಕಂತಿನಿಂದ, ಶಾಲೆಯ ಸಿಮೆಂಟಿನಿಂದ ಪಡೆಯಬೇಕು. ಗುಡಿಗೆ ಒಂದು ಕೈಯಿಂದ ಬಂದದ್ದು ಕೇರಿಯಿಂದ ಇನ್ನೊಂದು ಕೈಯಿಂದ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಘೋರವಾದುದು. ಹಣವುಳ್ಳವನೇ ಪಂಚನಾಗಬೇಕೆಂದು ಊರು ಒಪ್ಪಿದ ದಿನ, ಸಂವಿಧಾನವು ತೆರೆದ ಬಾಗಿಲನ್ನು ಊರೇ ಮುಚ್ಚಿದಂತಾಗುತ್ತದೆ. ಅಂಬೇಡ್ಕರರ ಸಂದೇಹವನ್ನು ನಾವೇ ನಿಜ ಮಾಡಿ ತೋರಿಸಿದಂತಾಗುತ್ತದೆ.

ಹಾಗೆಂದು ಅವಿರೋಧ ಆಯ್ಕೆಯೆಲ್ಲವೂ ಹೇಯವಲ್ಲ. ಊರೆಲ್ಲ ಕೂಡಿ ಯೋಗ್ಯರನ್ನು ಒಮ್ಮನಸ್ಸಿನಿಂದ ಆರಿಸುವುದು ಶ್ರೇಷ್ಠವಾದುದೇ. ಎರಡಕ್ಕೂ ಭೇದವನ್ನು ಕಾಣಲು ಒಂದು ಒರೆಗಲ್ಲು ಸಾಕು. ಊರಿನಲ್ಲಿ ಎಲ್ಲರಿಗಿಂತ ಬಡವನಾದವನು, ಎಲ್ಲರಿಗಿಂತ ಹಿಂದಿನ ಸಾಲಿನ ಹೆಣ್ಣುಮಗಳು, ನಾನೂ ನಿಲ್ಲುತ್ತೇನೆ ಎಂದು ಅಂಜದೆ ಹೇಳಬಹುದಾಗಿತ್ತೇ? ಹೌದಾದರೆ ಅದು ಸಮ್ಮತಿ. ಇಲ್ಲವಾದರೆ ಅದು ಮೌನ. ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಸಲ್ಲದು.

ಈ ವಿಷಯದಲ್ಲಿ ನಮ್ಮಂತಹವರಿಗೂ ಒಂದು ಕರ್ತವ್ಯವಿದೆ. ಅಂತಹ ಹಣ ಗುಡಿಗೆ ಬಂದರೆ ಗುಡಿಯವರು, ಮಠಕ್ಕೆ ಬಂದರೆ ಮಠದವರು ಒಲ್ಲೆವೆನ್ನಬೇಕು. ಶಿಖರ ಒಂದು ವರ್ಷ ತಡವಾಗಲಿ, ಗೋಪುರಕ್ಕೆ ಸುಣ್ಣವಿಲ್ಲದಿರಲಿ. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಪತಿ ಮಾರಯ್ಯನವರು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ಹೆಚ್ಚಿನದನ್ನು ಒಪ್ಪದೆ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕಳವಿನದಲ್ಲ, ಶಿವದಾಸೋಹಕ್ಕೇ ಸಲ್ಲುವುದಾಗಿತ್ತು. ಆದರೂ ಕಾಯಕಕ್ಕೆ ಮೀರಿದ್ದು ಬೇಡವೆಂದರು. ಒಳ್ಳೆಯ ಉದ್ದೇಶವು ಸಲ್ಲದ ಗಳಿಕೆಯನ್ನು ಶುದ್ಧಿ ಮಾಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಪಂಚಾಯಿತಿಯ ಪ್ರತಿಯೊಬ್ಬ ಸದಸ್ಯನ ಮುಂದೆಯೂ ದಿನವೂ ಆ ಹೆಚ್ಚಿನ ಅಕ್ಕಿ ಬಂದು ಬೀಳುತ್ತದೆ. ಅದನ್ನು ಮರಳಿ ಸುರಿಸುವ ಲಕ್ಕಮ್ಮ ಸಭೆಯಲ್ಲಿ ಒಬ್ಬಳಾದರೂ ಇದ್ದರೆ ಊರು ಉದ್ಧಾರವಾಗುತ್ತದೆ. ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವಾಗ ಆಕೆಯ ಕುರ್ಚಿಯಲ್ಲಿ ಗಂಡ ಕುಳಿತು, ಆಕೆ ಸಹಿಗೆ ಮಾತ್ರ ಬೇಕಾದರೆ, ನಾವು ಕಳೆದುಕೊಳ್ಳುವುದು ಆ ಲಕ್ಕಮ್ಮನನ್ನೇ.

ಇನ್ನು ಮಠ ಮತ್ತು ಪಂಚಾಯಿತಿಗಳ ಸಂಬಂಧ. ಭಕ್ತರು ಶ್ರೀಮಠಕ್ಕೆ ಬಂದು, ನಮ್ಮೂರಿಗೆ ರಸ್ತೆಯಾಗಬೇಕು, ತಾವು ಒಂದು ಮಾತು ಹೇಳಿದರೆ ಶಾಸಕರು ಮಾಡಿಸುತ್ತಾರೆ ಎಂದು ಬಿನ್ನವಿಸುವುದುಂಟು. ಅವರ ವಿಶ್ವಾಸ ದೊಡ್ಡದು. ಆದರೆ ಸ್ವಾಮಿಗಳ ಮಾತಿನಿಂದ ಆದ ರಸ್ತೆ ಸ್ವಾಮಿಗಳ ಕೃಪೆಯಾಗುತ್ತದೆ, ಊರಿನ ಹಕ್ಕಾಗುವುದಿಲ್ಲ. ಮಠಕ್ಕೆ ಬಾರದ ಊರಿನವರು, ಬೇರೆ ಮತದವರು ಎಲ್ಲಿ ಹೋಗಬೇಕು? ಕನ್ನಡ ನಾಡಿನ ಮಠಗಳು ಅನ್ನ ವಿದ್ಯೆಗಳ ದಾಸೋಹವನ್ನು ನಡೆಸಿಕೊಂಡು ಬಂದಿವೆ, ಮುಂದೆಯೂ ನಡೆಸಬೇಕು. ಆದರೆ ಮಠವು ಎರಡನೆಯ ಪಂಚಾಯಿತಿಯಾಗಬಾರದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಊರಿನ ಸಭೆಯಲ್ಲಿ ನೆಲಕ್ಕೆ ಕುಳಿತು, ತನ್ನ ಪಾಲಿನ ಕಂದಾಯ ಕೊಟ್ಟು, ತನ್ನ ಪಾಲಿನ ಮಾತನಾಡಿ, ಇತರರ ಮಾತು ಕೇಳುವವನೇ ನಿಜವಾಗಿ ದಾಸೋಹಂಭಾವಿ.

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಶಿಕ್ಷಕರು, ಅಧಿಕಾರಿಗಳು, ವ್ಯಾಪಾರಸ್ಥರು, ವಕೀಲರು ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ನಮ್ಮ ಮಾತು ಇಷ್ಟೇ. ನಿಮ್ಮೂರಿನ ಗ್ರಾಮಸಭೆಗೆ ವರ್ಷದಲ್ಲಿ ಒಮ್ಮೆಯಾದರೂ ಹೋಗಿ ಕುಳಿತುಕೊಳ್ಳಿ. ಊರಿನಲ್ಲಿ ಬಿಟ್ಟುಬಂದ ಮನೆಯ ಕಂದಾಯದ ಬಾಕಿಯನ್ನು ತೀರಿಸಿ. ಪಂಚಾಯಿತಿಯ ಆಯವ್ಯಯ ಪಟ್ಟಿಯನ್ನು ಕೇಳಿ ಪಡೆದು, ಓದು ಬಾರದವರಿಗೆ ಓದಿ ಹೇಳಿ. ಕಮಲಾಪುರದಂತಹ ಪಟ್ಟಣಗಳಲ್ಲಿ ಕಾಯ್ದೆಯು ಸಭೆ ಕರೆಯದಿದ್ದರೆ ಕೇರಿಕೇರಿಯಲ್ಲಿ ನೀವೇ ಸಭೆ ಕರೆಯಿರಿ, ನಿಮ್ಮ ವಾರ್ಡಿನ ಸದಸ್ಯರನ್ನು ಆದರದಿಂದ ಬರಮಾಡಿಕೊಂಡು ಲೆಕ್ಕ ಕೇಳಿರಿ. ಆಯ್ಕೆಯಾದ ಹೆಣ್ಣುಮಗಳಿಗೆ ಆಕೆಯ ಕುರ್ಚಿ ಬಿಟ್ಟುಕೊಡಿಸಿರಿ. ಸ್ಥಾನಗಳ ಹರಾಜಿನ ಮಾತು ಎದ್ದಲ್ಲಿ ಎದ್ದುನಿಂತು ಬೇಡವೆನ್ನಿರಿ. ಒಬ್ಬರೇ ಇದ್ದರೂ ಎನ್ನಿರಿ.

ಸರಕಾರ ಹಣ ಕೊಡಬಹುದು, ಇಲಾಖೆ ಯಂತ್ರ ಕೊಡಬಹುದು, ಮಠ ಆಶೀರ್ವಾದ ಕೊಡಬಹುದು. ಊರಿನ ಪರವಾಗಿ ಊರಾಗಿ ನಿಲ್ಲುವ ಕೆಲಸವನ್ನು ಇವರಲ್ಲಿ ಯಾರೂ ಮಾಡಿಕೊಡಲಾರರು. ಆ ಕಾಯಕಕ್ಕೆ ಸ್ಥಳೀಯ ಸಂಸ್ಥೆಯೇ ಮಂಟಪ. ಮಂಟಪವನ್ನು ಸಂವಿಧಾನ ಕಟ್ಟಿಕೊಟ್ಟಿದೆ, ಅದರಲ್ಲಿ ಹೋಗಿ ಕೂರಬೇಕಾದವರು ನೀವು. ಮುಂದಿನ ಗ್ರಾಮಸಭೆಯ ಡಂಗುರ ಸಾರಿದಾಗ ಈ ಮಾತು ನಿಮ್ಮ ನೆನಪಿಗೆ ಬರಲಿ. ಎಲ್ಲರಿಗೂ ಸನ್ಮಂಗಳವಾಗಲಿ.